ಪಾಸಿನ ಮೇಲೊಂದು ಸುಂಕ

'ದೇಶ ಸುತ್ತು, ಕೋಶ ಓದು' ಎಂಬ ಮಾತನ್ನು ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಕೋಶ ಓದುವುದಕ್ಕೆ ಗ್ರಂಥಾಲಯವಿದೆ, ಅದಕ್ಕೆ ಹೆಚ್ಚಿನ ಖರ್ಚೂ ಇಲ್ಲ. ದೇಶ ಸುತ್ತುವುದಕ್ಕೆ ಎಷ್ಟು ಹಣ ಬೇಕು, ಅದನ್ನು ಹೇಗೆ ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಎಂಬುದನ್ನು ಮಾತ್ರ ಆ ಭಾಷಣಕಾರರು ಇದುವರೆಗೆ ತಿಳಿಸಿದ್ದಿಲ್ಲ. ಹೋದ ಬೇಸಿಗೆಯ ರಜೆಯಲ್ಲಿ ಯುರೋಪಿನ ಕೆಲವು ಊರುಗಳನ್ನು ನೋಡುವ ಯೋಗ ನನಗೆ ಒದಗಿಬಂದಿತು. ಅಲ್ಲಿಯ ಚರ್ಚು, ಚಿತ್ರಶಾಲೆಗಳನ್ನು ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ. ಅದನ್ನು ನನಗಿಂತ ಚೆನ್ನಾಗಿ ಬರೆದವರು ಬಹಳ ಮಂದಿ ಇದ್ದಾರೆ. ನಾನು ಎತ್ತಿಕೊಂಡಿರುವುದು ಒಂದು ಸಣ್ಣ ವಿಷಯ. ರೈಲು ಪಾಸು ಕೈಯಲ್ಲಿದ್ದವನೂ ಕುಳಿತುಕೊಳ್ಳುವ ಜಾಗವನ್ನು ಕಾದಿರಿಸುವುದಕ್ಕೆ ಅಲ್ಲಿ ಮತ್ತೆ ಹಣ ತೆರಬೇಕಾಗುತ್ತದೆ. ಆ ಹಣವನ್ನು ಉಳಿಸುವ ಬಗೆ ಯಾವುದು, ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬುದಷ್ಟೇ ನನ್ನ ವಿಚಾರ.

"ನಮ್ಮ ಕಾಲೇಜಿನಿಂದ ಯುರೋಪಿಗೆ ಹೋಗುವವರು ಎಷ್ಟು ಮಂದಿಯಪ್ಪಾ?" ಎಂದು ನಗುವ ಮಿತ್ರರು ಇದ್ದಾರೆ. ಅವರ ನಗು ನ್ಯಾಯವಾದದ್ದೇ. ಆದರೆ ಕಾಲ ಬದಲಾಗಿದೆ. ನಮ್ಮ ಊರುಗಳಿಂದ ಹೆಚ್ಚಿನ ಓದಿಗೆಂದು, ದಾದಿಯರ ಕೆಲಸಕ್ಕೆಂದು ಜರ್ಮನಿಗೆ ಹೋಗುವವರು ಇಂದು ಅಪರೂಪವೇನಲ್ಲ. ನನ್ನ ಅಕ್ಕನೂ ಹಾಗೆ ಹೋದವಳೇ. ರೈನ್ ನದಿಯ ಬಯಲಿನಲ್ಲಿರುವ ಕಾರ್ಲ್ಸ್‌ರೂಹೆ ಎಂಬ ಊರಿನ ಸಮೀಪ ಆಕೆ ದಾದಿಯಾಗಿ ದುಡಿಯುತ್ತಿದ್ದಾಳೆ. "ಡಿಗ್ರಿ ಮುಗಿಯುವ ಮುಂಚೆ ಒಂದು ಸಲ ಬಂದು ಹೋಗೋ" ಎಂದು ವಿಮಾನದ ಟಿಕೆಟ್ಟನ್ನೂ ಏಳು ದಿನದ ರೈಲು ಪಾಸನ್ನೂ ಆಕೆಯೇ ಕೊಡಿಸಿದಳು. ಆದುದರಿಂದ ಈ ಲೇಖನದಲ್ಲಿ ಬರುವ ಒಂದೊಂದು ಯೂರೊ ನಾಣ್ಯವೂ ರಾತ್ರಿ ಪಾಳಿಯಲ್ಲಿ ನಿಂತು ದುಡಿದ ಹಣವೆಂದು ಓದುಗರು ತಿಳಿಯಬೇಕು.

ಮೊದಲು ಈ ಪಾಸು ಎಂದರೇನು ಎಂಬುದನ್ನು ಹೇಳುತ್ತೇನೆ. ಯುರೋಪಿನ ಹೊರಗಿನಿಂದ ಬರುವವರಿಗಾಗಿ 1959ರಲ್ಲಿ 'ಯುರೇಲ್' ಪಾಸು ಆರಂಭವಾಯಿತು. ಆಗ 13 ದೇಶಗಳು ಇದರಲ್ಲಿ ಸೇರಿದ್ದವು. ಈಗ 33 ದೇಶಗಳಿವೆ. ಯುರೋಪಿನ ನಿವಾಸಿಗಳಿಗೆಂದು 1972ರಲ್ಲಿ 'ಇಂಟರ್‌ರೇಲ್' ಎಂಬ ಇನ್ನೊಂದು ಪಾಸು ಬಂದಿತು. ಒಂದೇ ಮನೆಯ ಮಕ್ಕಳಾದರೂ ನನಗೆ ದೊರೆಯುವುದು ಮೊದಲನೆಯದು, ಅಲ್ಲಿ ನೆಲೆಸಿರುವ ಅಕ್ಕನಿಗೆ ದೊರೆಯುವುದು ಎರಡನೆಯದು. ನನ್ನ ಪಾಸಿನ ನಿಯಮ ಹೀಗಿತ್ತು: ಒಂದು ತಿಂಗಳೊಳಗೆ ನನಗೆ ಬೇಕಾದ ಏಳು ದಿನಗಳನ್ನು ಆರಿಸಿಕೊಳ್ಳಬಹುದು, ಆರಿಸಿದ ದಿನ ಬೆಳಗಿನಿಂದ ನಡುರಾತ್ರಿಯವರೆಗೆ ಎಷ್ಟು ಗಾಡಿ ಬೇಕಾದರೂ ಹತ್ತಿ ಇಳಿಯಬಹುದು. 27 ವರ್ಷ ಮೀರದವರಿಗೆ ಬೆಲೆಯಲ್ಲಿ ರಿಯಾಯಿತಿ ಉಂಟು. ಎರಡನೆಯ ದರ್ಜೆಯಲ್ಲಿ ನನ್ನ ಪಾಸಿಗೆ ಮುನ್ನೂರು ಯೂರೊಗಳಿಗೆ ಸ್ವಲ್ಪ ಕಡಿಮೆ ಆಯಿತು. ಯೂರೊ ಒಂದಕ್ಕೆ ತೊಂಬತ್ತು ರೂಪಾಯಿಗೂ ಮೇಲು ಎಂದು ಹಿಡಿದರೆ ಅದು ನಮ್ಮಂಥವರಿಗೆ ಸಣ್ಣ ಮೊತ್ತವಲ್ಲ.

ಪಾಸು ಕೈಗೆ ಬಂದ ದಿನ ನನ್ನ ಹಿಗ್ಗು ಹೇಳತೀರದು. ಇನ್ನು ಯಾವ ಗಾಡಿಗೆ ಬೇಕಾದರೂ ಹತ್ತಬಹುದೆಂದು ತಿಳಿದಿದ್ದೆ. ಎರಡನೆಯ ಪ್ರಯಾಣದ ದಿನವೇ ಆ ಭ್ರಮೆ ಹರಿಯಿತು. ಒಂದು ದೊಡ್ಡ ನಿಲ್ದಾಣದಲ್ಲಿ ಉದ್ದ ಮೂತಿಯ ವೇಗದ ಗಾಡಿಯೊಂದು ನಿಂತಿತ್ತು. ಹತ್ತಿ, ಖಾಲಿ ಇದ್ದ ಒಂದು ಸೀಟಿನಲ್ಲಿ ಕುಳಿತೆ. ಗಾಡಿ ಹೊರಟು ಅರ್ಧ ಗಂಟೆಯ ಮೇಲೆ ಟಿಕೆಟ್ ತಪಾಸಣೆಯವರು ಬಂದರು. ಪಾಸು ತೋರಿಸಿದೆ. "ಇದು ಸರಿ. ಸೀಟಿನ ರಿಜರ್ವೇಷನ್ ಎಲ್ಲಿ?" ಎಂದು ಕೇಳಿದರು. ನಾನು ಬೆಪ್ಪಾದೆ. ಕೊನೆಗೆ ಐವತ್ತು ಯೂರೊ ದಂಡ ತೆತ್ತು ರಶೀದಿ ಪಡೆದೆ. ಅದು ಯಾವ ರೈಲ್ವೆ ಎಂದು ಇಲ್ಲಿ ಹೇಳಬೇಕಾದ ಅಗತ್ಯವಿಲ್ಲ. ನಿಯಮವನ್ನು ಓದದೆ ಹತ್ತಿದ ತಪ್ಪು ನನ್ನದೇ. ಆ ರಾತ್ರಿ ಫೋನಿನಲ್ಲಿ ಅಕ್ಕನಿಗೆ ತಿಳಿಸಿದಾಗ ಅವಳು ಬೈಯಲಿಲ್ಲ. "ಹೋಗಲಿ ಬಿಡೋ, ಊಟ ಮಾಡಿದೆಯಾ?" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ತಂಗಿದ್ದ ಕೋಣೆಯಲ್ಲಿ ಅಂದು ರಾತ್ರಿಯೆಲ್ಲ ಕುಳಿತು ವೇಳಾಪಟ್ಟಿಗಳನ್ನೂ ನಿಯಮಗಳನ್ನೂ ಓದಿದೆ. ಪರೀಕ್ಷೆಗೂ ನಾನು ಅಷ್ಟು ಶ್ರದ್ಧೆಯಿಂದ ಓದಿದವನಲ್ಲ. ಓದಿದ ಮೇಲೆ ತಿಳಿದದ್ದು ಇಷ್ಟು: ಪಾಸು ಎಂಬುದು ದೂರವನ್ನು ಕ್ರಮಿಸುವ ಹಕ್ಕು, ಸೀಟು ಬೇರೆ. ಕೆಲವು ಗಾಡಿಗಳಲ್ಲಿ ಸೀಟನ್ನು ಕಾದಿರಿಸಲೇಬೇಕು. ಫ್ರಾನ್ಸಿನೊಳಗೆ ಓಡುವ ಟಿ.ಜಿ.ವಿ. ಎಂಬ ವೇಗದ ಗಾಡಿಗೆ ಪಾಸು ಇದ್ದವರು ಹತ್ತು ಯೂರೊ, ಜನಸಂದಣಿಯ ಹೊತ್ತಿನಲ್ಲಿ ಇಪ್ಪತ್ತು ಯೂರೊ ಕೊಡಬೇಕು. ಇಟಲಿಯ ಕೆಂಬಾಣವೆಂಬ ಅರ್ಥದ 'ಫ್ರೆಚ್ಚಾರೊಸ್ಸ' ಗಾಡಿಗೆ ಹದಿಮೂರು ಯೂರೊ. ಲಂಡನ್ನಿಗೂ ಪ್ಯಾರಿಸಿಗೂ ನಡುವೆ ಸಮುದ್ರದ ಕೆಳಗೆ ಓಡುವ ಗಾಡಿಗೆ ಮೂವತ್ತಕ್ಕೂ ಮೇಲು. ಈ ದರಗಳು ಆಗಾಗ ಏರುತ್ತವೆ. ಹೊರಡುವವರು ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ನಮ್ಮಲ್ಲಿ ಸ್ಲೀಪರ್ ದರ್ಜೆಗೆ ಕಾದಿರಿಸುವ ಶುಲ್ಕ 20 ರೂಪಾಯಿ. ಅದೂ ಟಿಕೆಟ್ಟಿನ ಬೆಲೆಯಲ್ಲಿಯೇ ಅಡಗಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ನಾಲ್ಕೈದು ಬಾರಿ ಈ ಸುಂಕ ತೆತ್ತರೆ ಅರವತ್ತು ಯೂರೊ ಆದೀತು, ಅಂದರೆ ಪಾಸಿನ ಬೆಲೆಯ ಐದನೆಯ ಒಂದು ಪಾಲು. ಇದಲ್ಲದೆ ಇಂಥ ಗಾಡಿಗಳಲ್ಲಿ ಪಾಸಿನವರಿಗೆಂದು ಬಿಡುವ ಸೀಟುಗಳಿಗೆ ಮಿತಿಯುಂಟು. ಹಣ ಕೊಡುತ್ತೇನೆಂದರೂ ಸೀಟು ಸಿಕ್ಕದ ದಿನಗಳುಂಟು.

ಎಲ್ಲ ದೇಶಗಳೂ ಹೀಗಿಲ್ಲ ಎಂಬುದೇ ನನಗೆ ಮುಖ್ಯವಾಗಿ ಕಂಡ ಸಂಗತಿ. ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡ್, ಬೆಲ್ಜಿಯಂ, ಹಾಲೆಂಡ್ ದೇಶಗಳ ಒಳಗೆ ಓಡುವ ಹೆಚ್ಚಿನ ಗಾಡಿಗಳಿಗೆ ಕಾದಿರಿಸುವ ಕಟ್ಟುಪಾಡಿಲ್ಲ, ಬೇಕಾದವರು ಕಾದಿರಿಸಬಹುದು. ಇದರ ಹಿಂದೆ ಎರಡು ಬಗೆಯ ಆಲೋಚನೆಗಳಿವೆ ಎಂದು ನನಗೆ ತೋರುತ್ತದೆ. 1981ರಲ್ಲಿ ಪ್ಯಾರಿಸಿಗೂ ಲಿಯೋನ್ ನಗರಕ್ಕೂ ನಡುವೆ ಟಿ.ಜಿ.ವಿ. ಆರಂಭವಾದಾಗ ಫ್ರೆಂಚರು ಪ್ರತಿಯೊಬ್ಬ ಪ್ರಯಾಣಿಕನಿಗೂ ಗೊತ್ತಾದ ಗಾಡಿ, ಗೊತ್ತಾದ ಸೀಟು ಎಂಬ ಪದ್ಧತಿಯನ್ನು ಹಿಡಿದರು. ಮರುವರ್ಷವೇ, 1982ರಲ್ಲಿ, ಸ್ವಿಸ್ಸರು ತಮ್ಮ ದೇಶಕ್ಕೆಲ್ಲ ಒಂದು ಹೊಸ ವೇಳಾಪಟ್ಟಿಯನ್ನು ಮಾಡಿದರು. ಗಂಟೆಗೊಂದು ಗಾಡಿ, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ. ಒಂದರಿಂದ ಇಳಿದರೆ ಎದುರಿಗೆ ಇನ್ನೊಂದು. ಮೊದಲನೆಯವರು 'ನಿನ್ನ ಸೀಟು ಯಾವುದೆಂದು ಮೊದಲೇ ಹೇಳು' ಎನ್ನುತ್ತಾರೆ. ಎರಡನೆಯವರು 'ನೀನು ಯಾವಾಗ ಬಂದರೂ ಗಾಡಿಯಿದೆ' ಎನ್ನುತ್ತಾರೆ. ಫ್ರೆಂಚರ ಪದ್ಧತಿಯಲ್ಲಿ ಯಾರೂ ನಿಂತುಕೊಂಡು ಹೋಗಬೇಕಾಗಿಲ್ಲ ಎಂಬ ಗುಣವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪಾಸಿನ ತಿರುಳೇ ಸ್ವಾತಂತ್ರ್ಯ. ಪ್ರತಿಯೊಂದು ಗಾಡಿಯನ್ನೂ ಮುಂಗಡ ಗೊತ್ತುಮಾಡಿ ಸುಂಕ ತೆರಬೇಕಾದಲ್ಲಿ ಪಾಸು ಬರಿಯ ರಿಯಾಯಿತಿ ಚೀಟಿಯಾಗುತ್ತದೆ. ಆದುದರಿಂದ ಪಾಸು ಕೊಂಡವನು ಅದನ್ನು ಸ್ವಿಸ್ ಪದ್ಧತಿಯ ದೇಶಗಳಲ್ಲಿ ಹೆಚ್ಚಾಗಿ ಉಪಯೋಗಿಸುವುದೇ ಜಾಣತನವೆಂದು ನನ್ನ ಅಭಿಪ್ರಾಯ.

ಇದನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ಕಾರ್ಲ್ಸ್‌ರೂಹೆಯಿಂದ ಇಟಲಿಯ ಮಿಲಾನಿಗೆ ಹೋಗಬೇಕಾಗಿತ್ತು. ಗಡಿ ದಾಟಿ ನೇರವಾಗಿ ಮಿಲಾನಿಗೆ ಹೋಗುವ ಗಾಡಿಗೆ ಕಾದಿರಿಸಲೇಬೇಕು. ನಾನು ಬೇರೆ ದಾರಿ ಹಿಡಿದೆ. ಬಾಸೆಲ್, ಅಲ್ಲಿಂದ ಕೂರ್, ಅಲ್ಲಿಂದ ಸೇಂಟ್ ಮೊರಿಟ್ಸ್, ಅಲ್ಲಿಂದ ಆಲ್ಪ್ಸ್ ಪರ್ವತವನ್ನು ಹತ್ತಿಳಿದು ಇಟಲಿಯ ಅಂಚಿನ ತಿರಾನೊ. ಈ ಕೊನೆಯ ಭಾಗವೇ 1910ರಲ್ಲಿ ಪೂರ್ಣಗೊಂಡ ಬೆರ್ನಿನ ರೈಲುದಾರಿ. 2008ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಈ ಹಳಿಗಳ ಮೇಲೆ ದೊಡ್ಡ ಗಾಜಿನ ಕಿಟಕಿಗಳ 'ಬೆರ್ನಿನ ಎಕ್ಸ್‌ಪ್ರೆಸ್' ಓಡುತ್ತದೆ. ಪಾಸು ಇದ್ದರೂ ಅದರ ಸೀಟಿಗೆ ಮೂವತ್ತು ಫ್ರಾಂಕಿನ ಆಸುಪಾಸು ಕೊಡಬೇಕು. ಅದೇ ಹಳಿಗಳ ಮೇಲೆ, ಅದೇ ಸುರಂಗ, ಅದೇ ಸೇತುವೆಗಳ ಮೂಲಕ ಸಾಮಾನ್ಯ ಗಾಡಿಯೂ ಓಡುತ್ತದೆ. ಅದಕ್ಕೆ ಪಾಸೊಂದೇ ಸಾಕು.

ಸಾಮಾನ್ಯ ಗಾಡಿಯಲ್ಲಿ ಹೋದವನು ಏನನ್ನು ಕಳೆದುಕೊಂಡ? ನನಗೆ ತಿಳಿದಮಟ್ಟಿಗೆ ಏನನ್ನೂ ಇಲ್ಲ. ಎಕ್ಸ್‌ಪ್ರೆಸ್ಸಿನ ಗಾಜುಗಳನ್ನು ತೆಗೆಯಲು ಬರುವುದಿಲ್ಲ. ನಮ್ಮ ಗಾಡಿಯ ಕಿಟಕಿಯನ್ನು ಇಳಿಸಬಹುದಾಗಿತ್ತು. ಗಾಡಿ ಸಮುದ್ರಮಟ್ಟದಿಂದ 2,253 ಮೀಟರು ಎತ್ತರದ ಬೆರ್ನಿನ ಕಣಿವೆಯ ನೆತ್ತಿಗೆ ಏರಿದಾಗ ಮೇ ತಿಂಗಳಲ್ಲಿಯೂ ಹಿಮ ಹಾಸಿತ್ತು. ಕೊರೆಯುವ ಗಾಳಿ ಮುಖಕ್ಕೆ ಬಡಿಯಿತು. ಶಾಲೆಯ ಚೀಲ ಹೊತ್ತ ಹುಡುಗರು ಒಂದು ನಿಲ್ದಾಣದಲ್ಲಿ ಹತ್ತಿ ಎರಡು ನಿಲ್ದಾಣ ಕಳೆದು ಇಳಿದರು. ತರಕಾರಿ ಬುಟ್ಟಿಯ ಮುದುಕಿಯೊಬ್ಬರು ನನ್ನೆದುರು ಕುಳಿತು, ಭಾಷೆ ಬಾರದಿದ್ದರೂ ಬೆರಳು ತೋರಿಸಿ ಹಿಮನದಿ ಯಾವುದು, ಸರೋವರ ಯಾವುದು ಎಂದು ಹೇಳಿಕೊಟ್ಟರು. ಬ್ರೂಸಿಯೊ ಎಂಬಲ್ಲಿ ಕಲ್ಲಿನ ಸೇತುವೆಯೊಂದು ಬಯಲಿನಲ್ಲಿಯೇ ಸುರುಳಿ ಸುತ್ತುತ್ತದೆ. ಗಾಡಿ ತನ್ನ ಬಾಲವನ್ನು ತಾನೇ ನೋಡಿಕೊಳ್ಳುತ್ತ ಇಳಿಯುತ್ತದೆ. 429 ಮೀಟರಿನ ತಿರಾನೊಗೆ ಇಳಿದಾಗ ಬೇಸಿಗೆಯ ಬಿಸಿಲು ಇತ್ತು. ರಾತ್ರಿ ಅಲ್ಲಿಯೇ ತಂಗಿ, ಮರುದಿನ ಕೋಮೊ ಸರೋವರದ ಅಂಚಿನಲ್ಲಿ ಓಡುವ ಪ್ಯಾಸೆಂಜರ್ ಗಾಡಿಯಲ್ಲಿ ಎರಡೂವರೆ ಗಂಟೆಯಲ್ಲಿ ಮಿಲಾನ್ ಸೇರಿದೆ. ಇಡೀ ದಾರಿಗೆ ಸೀಟಿನ ಸುಂಕ ಒಂದು ಕಾಸೂ ಇಲ್ಲ. ಅರಸೀಕೆರೆಯಿಂದ ತಿಪಟೂರು, ತುಮಕೂರಿನ ಮೇಲೆ ಬೆಂಗಳೂರಿಗೆ ಪ್ಯಾಸೆಂಜರಿನಲ್ಲಿ ಹೋಗಿ ಅಭ್ಯಾಸವಿದ್ದ ನನಗೆ ಇದರಲ್ಲಿ ಕಷ್ಟವೆನ್ನುವುದೇ ತೋರಲಿಲ್ಲ.

ಮರಳುವಾಗಲೂ ಇದೇ ಉಪಾಯ. ಮಿಲಾನಿನಿಂದ ಗಡಿಯ ಊರಾದ ಕಿಯಾಸ್ಸೊ ದಾಟಿ ಲುಗಾನೊವರೆಗೆ ಸ್ಥಳೀಯ ಗಾಡಿ. ಅಲ್ಲಿಂದ ಮುಂದೆ ಸ್ವಿಸ್ ಗಾಡಿ. 2016ರಲ್ಲಿ ತೆರೆದ 57 ಕಿಲೋಮೀಟರು ಉದ್ದದ ಹೊಸ ಗೊಟ್ಟಾರ್ಡ್ ಸುರಂಗದಲ್ಲಿ ವೇಗದ ಗಾಡಿಗಳು ಕತ್ತಲಲ್ಲೇ ಬೆಟ್ಟ ದಾಟುತ್ತವೆ. ನಾನು 1882ರ ಹಳೆಯ ಬೆಟ್ಟದ ದಾರಿಯ ಗಾಡಿಯನ್ನು ಹಿಡಿದೆ. ಇಳಿಜಾರಿನಲ್ಲಿ ದಾರಿ ಸುತ್ತಿ ಸುತ್ತಿ ಹೋಗುವುದರಿಂದ ವಾಸೆನ್ ಎಂಬ ಹಳ್ಳಿಯ ಒಂದೇ ಚರ್ಚು ಮೂರು ಬಾರಿ, ಮೂರು ಎತ್ತರಗಳಿಂದ ಕಾಣಿಸುತ್ತದೆ. ಸುಂಕ ಉಳಿಸಲು ಹೋಗಿ ಒಂದಕ್ಕೆ ಮೂರು ಚರ್ಚು ನೋಡಿದೆನೆಂದು ಅಕ್ಕನಿಗೆ ಹೇಳಿದೆ. ಆಗ ಅವಳು ನಕ್ಕಳು.

ಇನ್ನು ಕೆಲವು ಸಣ್ಣ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾಸಿನವರಿಗೆಂದು ಫೋನಿನಲ್ಲಿ ಬರುವ ವೇಳಾಪಟ್ಟಿಯಲ್ಲಿ, ಕಾದಿರಿಸಬೇಕಾಗಿಲ್ಲದ ಗಾಡಿಗಳನ್ನು ಮಾತ್ರ ತೋರಿಸು ಎಂದು ಕೇಳುವ ಸೌಕರ್ಯವಿದೆ. ಅದನ್ನು ಮೊದಲು ಹುಡುಕಿಕೊಳ್ಳಬೇಕು. ಫ್ರಾನ್ಸಿನಲ್ಲಿ ಟಿ.ಇ.ಆರ್. ಎಂಬ ಪ್ರಾಂತೀಯ ಗಾಡಿಗಳಿಗೂ, ಇಟಲಿಯಲ್ಲಿ 'ರೆಜೊನಾಲೆ' ಗಾಡಿಗಳಿಗೂ ಕಾದಿರಿಸುವ ಕಾಟವಿಲ್ಲ. ಕಾದಿರಿಸಲೇಬೇಕಾದಲ್ಲಿ ಆಯಾ ರೈಲ್ವೆಯಲ್ಲಿಯೇ ನೇರವಾಗಿ ಮಾಡಿದರೆ ಮಧ್ಯವರ್ತಿಯ ಸೇವಾಶುಲ್ಕ ಉಳಿಯುತ್ತದೆ. ಜರ್ಮನಿಯ ಐ.ಸಿ.ಇ. ಗಾಡಿಯಲ್ಲಿ ಯಾವ ಸೀಟನ್ನು ಎಲ್ಲಿಂದ ಎಲ್ಲಿಯವರೆಗೆ ಕಾದಿರಿಸಿದ್ದಾರೆ ಎಂಬುದು ಸೀಟಿನ ಬಳಿಯೇ ದೀಪಾಕ್ಷರದಲ್ಲಿ ಬರುತ್ತದೆ. ಅದನ್ನು ನೋಡಿ ಖಾಲಿ ಸೀಟಿನಲ್ಲಿ ಕುಳಿತರಾಯಿತು. ಕಾದಿರಿಸಿದವರು ಹದಿನೈದು ನಿಮಿಷದೊಳಗೆ ಬರದಿದ್ದರೆ ಆ ಸೀಟಿನ ಮೇಲೆ ಅವರ ಹಕ್ಕು ತಪ್ಪುತ್ತದೆ.

ಇದಕ್ಕಿಂತ ಮುಖ್ಯವಾದ ಒಂದು ಲೆಕ್ಕವಿದೆ. ನನ್ನ ಪಾಸಿನ ಬೆಲೆಯನ್ನು ಏಳು ದಿನಕ್ಕೆ ಹಂಚಿದರೆ ದಿನವೊಂದಕ್ಕೆ ನಲವತ್ತು ಯೂರೊ ಚಿಲ್ಲರೆಯಾಗುತ್ತದೆ. ಬಾಸೆಲಿನಿಂದ ತಿರಾನೊವರೆಗೆ ಪೂರ್ತಿ ಟಿಕೆಟ್ ಕೊಂಡರೆ ನೂರು ಫ್ರಾಂಕಿಗೂ ಹೆಚ್ಚು. ಅಲ್ಲಿ ಪಾಸಿನ ದಿನವನ್ನು ಖರ್ಚುಮಾಡಿದ್ದು ಲಾಭ. ಆದರೆ ಮಿಲಾನಿನಿಂದ ವೆರೋನದ ಮೇಲೆ ವೆನಿಸ್ಸಿಗೆ ಸಾಮಾನ್ಯ ಗಾಡಿಯ ಟಿಕೆಟ್ ಇಪ್ಪತ್ತೈದು ಯೂರೊ ಆಸುಪಾಸು. ಅಂಥ ಕಡೆ ಪಾಸಿನ ದಿನವನ್ನು ಕಳೆಯದೆ ಟಿಕೆಟ್ಟನ್ನೇ ಕೊಳ್ಳುವುದು ಮೇಲು. ದುಬಾರಿ ದೇಶದಲ್ಲಿ ಪಾಸು, ಅಗ್ಗದ ದಾರಿಯಲ್ಲಿ ಟಿಕೆಟ್ಟು. ಇದನ್ನು ಅರಿಯದೆ ಬರಿಯ ಸೀಟಿನ ಸುಂಕ ಉಳಿಸಿದೆನೆಂದು ಬೀಗುವವನು ಲೆಕ್ಕದಲ್ಲಿ ಹಿಂದುಳಿದವನೇ.

ನಾನು ಊರಿಗೆ ಬಂದು ಇದನ್ನೆಲ್ಲ ಹೇಳಿದಾಗ ನಮ್ಮ ಅರ್ಥಶಾಸ್ತ್ರದ ಮೇಷ್ಟರು ಒಂದು ಆಕ್ಷೇಪವನ್ನು ಎತ್ತಿದರು. "ಅಲ್ಲಯ್ಯಾ, ಪ್ಯಾರಿಸಿನಿಂದ ಲಿಯೋನಿಗೆ ವೇಗದ ಗಾಡಿಯಲ್ಲಿ ಎರಡು ಗಂಟೆ, ನಿನ್ನ ಪ್ರಾಂತೀಯ ಗಾಡಿಯಲ್ಲಿ ಐದು ಗಂಟೆ. ಹತ್ತು ಯೂರೊ ಉಳಿಸಲು ಮೂರು ಗಂಟೆ ಕಳೆದೆ. ಆ ಮೂರು ಗಂಟೆಗೆ ಬೆಲೆಯಿಲ್ಲವೆ?" ಎಂದು ಕೇಳಿದರು. ಇದು ತೂಕವುಳ್ಳ ಪ್ರಶ್ನೆ. ಸಮಯಕ್ಕೆ ಬೆಲೆಯಿದೆ, ಆದರೆ ಅದು ಎಲ್ಲರಿಗೂ ಒಂದೇ ಅಲ್ಲ. ಎರಡು ದಿನದ ರಜೆ ಹಾಕಿ ಬಂದ ಅಕ್ಕನಿಗೆ ಮೂರು ಗಂಟೆ ದೊಡ್ಡದು. ಅವಳು ಸುಂಕ ಕೊಟ್ಟು ವೇಗದ ಗಾಡಿಯಲ್ಲಿ ಹೋಗುವುದೇ ಸರಿ. ತಿಂಗಳ ರಜೆಯಿರುವ ವಿದ್ಯಾರ್ಥಿಯಲ್ಲಿ ಇರುವುದು ಸಮಯ, ಇಲ್ಲದ್ದು ಹಣ. ಇಲ್ಲದ್ದನ್ನು ತೆತ್ತು ಇರುವುದನ್ನು ಕೊಳ್ಳುವುದು ಯಾವ ಅರ್ಥಶಾಸ್ತ್ರ? ಇದಲ್ಲದೆ, ಕಿಟಕಿಯ ಪಕ್ಕದಲ್ಲಿ ಕುಳಿತು ದೇಶ ನೋಡಿದ ಗಂಟೆಗಳು ಕಳೆದುಹೋದ ಗಂಟೆಗಳೆಂದು ನಾನು ಒಪ್ಪಲಾರೆ. ಮೇಷ್ಟರು "ಉತ್ತರ ಪತ್ರಿಕೆಯಲ್ಲಿ ಹೀಗೆ ಬರೆಯಬೇಡ" ಎಂದು ನಕ್ಕರು.

ಕಾದಿರಿಸದೆ ಹೋಗುವುದರಲ್ಲಿ ಇನ್ನೊಂದು ನೆಮ್ಮದಿಯೂ ಇದೆ. ಜರ್ಮನಿಯ ಗಾಡಿಗಳು ಗಡಿಯಾರದ ಮುಳ್ಳಿನಂತೆ ಓಡುತ್ತವೆ ಎಂದು ನಾವು ಕೇಳಿ ಬೆಳೆದಿದ್ದೇವೆ. 2024ರಲ್ಲಿ ಅಲ್ಲಿಯ ದೂರ ಪ್ರಯಾಣದ ಗಾಡಿಗಳಲ್ಲಿ ನೂರಕ್ಕೆ ಸುಮಾರು 62 ಮಾತ್ರ ಹೊತ್ತಿಗೆ ಸರಿಯಾಗಿ ಬಂದವು. ಗಾಡಿ ತಡವಾದಾಗ ಮುಂದಿನ ಗಾಡಿಯಲ್ಲಿ ಸೀಟು ಕಾದಿರಿಸಿದವನು ಗಡಿಯಾರ ನೋಡುತ್ತ ಕೈ ಹಿಸುಕಿಕೊಳ್ಳುತ್ತಾನೆ. ಯಾವುದನ್ನೂ ಕಾದಿರಿಸದವನು ಒಂದು ಗಾಡಿ ಹೋದರೆ ಇನ್ನೊಂದು ಎಂದು ಸುಮ್ಮನಿರುತ್ತಾನೆ.

ಹಾಗೆಂದು ಎಲ್ಲ ಕಡೆಯೂ ಉಳಿಸಬೇಕೆಂದು ನಾನು ಹೇಳುವುದಿಲ್ಲ. ರಾತ್ರಿ ಗಾಡಿಯಲ್ಲಿ ಮಲಗುವ ಜಾಗಕ್ಕೆ ಕೊಡುವ ಹಣ ಉಳಿಸತಕ್ಕದ್ದಲ್ಲ. ವಿಯೆನ್ನಾದಿಂದ ಮರಳುವಾಗ ನಾನು ಹಾಗೆಯೇ ಮಲಗಿ ಬಂದೆ. ಆ ರಾತ್ರಿಯ ವಸತಿಯ ಖರ್ಚು ಉಳಿಯಿತು. ಪಾಸಿನಲ್ಲಿಯೂ ಹೊರಟ ದಿನ ಮಾತ್ರ ಲೆಕ್ಕಕ್ಕೆ ಬಂತು. ಹಬ್ಬದ ಹಿಂದುಮುಂದಿನ ದಿನಗಳಲ್ಲಿ, ವಯಸ್ಸಾದವರು ಜೊತೆಗಿದ್ದಾಗ, ಜರ್ಮನಿಯಲ್ಲಿಯೂ ಐದೂವರೆ ಯೂರೊ ಕೊಟ್ಟು ಸೀಟು ಹಿಡಿಯುವುದು ವಿವೇಕ. ವಿಮಾನ ಹಿಡಿಯಬೇಕಾದ ದಿನ ನಾಲ್ಕು ಗಾಡಿ ಬದಲಾಯಿಸಿ ಹಣ ಉಳಿಸಲು ಹೋಗುವುದು ಮೂರ್ಖತನ.

ಕೊನೆಯದಾಗಿ ಒಂದು ಮಾತು. ಕಡ್ಡಾಯದ ಗಾಡಿಗೆ ಚೀಟಿಯಿಲ್ಲದೆ ಹತ್ತಿ, ತಪಾಸಣೆಯವರು ಬಾರದಿದ್ದರೆ ಲಾಭ ಎನ್ನುವ ಚಾಣಾಕ್ಷರನ್ನು ನಾನು ಕಂಡೆ. ಅವರಲ್ಲಿ ನಮ್ಮ ದೇಶದವರೂ ಇದ್ದರು. ಅದು ಉಳಿತಾಯವಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನಾನು ತಿಳಿಯದೆ ಹತ್ತಿ ದಂಡ ತೆತ್ತ ದಿನ ಡಬ್ಬಿಯವರೆಲ್ಲ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ತಿಳಿದು ಹತ್ತುವವನಿಗೆ ಆ ನೋಟ ತಾಕದಿದ್ದರೆ ಅವನು ಉಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು.

ನಮ್ಮ ನಾಡಿನಲ್ಲಿಯೂ ಎರಡು ತಿಂಗಳ ಮುಂಚೆ ಸೀಟು ಹಿಡಿಯಬಲ್ಲವರು ಒಂದು ಕಡೆ, ಇಂದು ಬೆಳಿಗ್ಗೆ ಸುದ್ದಿ ತಿಳಿದು ಇಂದೇ ಹೊರಡಬೇಕಾದವರು ಇನ್ನೊಂದು ಕಡೆ. 2020ರ ಮಾರ್ಚಿಯಲ್ಲಿ ಪ್ಯಾಸೆಂಜರ್ ಗಾಡಿಗಳು ನಿಂತಾಗ ಎರಡನೆಯವರ ಕಷ್ಟವನ್ನು ನಮ್ಮ ಹಳ್ಳಿಗಳು ಕಂಡಿವೆ. ಕಾದಿರಿಸದೆ ಬಂದವನಿಗೂ ಜಾಗ ಮಾಡಿಕೊಡುವ ರೈಲು ಜನರ ರೈಲು ಎಂಬ ನಂಬಿಕೆ ಯುರೋಪಿಗೆ ಹೋಗಿಬಂದ ಮೇಲೆ ನನ್ನಲ್ಲಿ ಬಲವಾಗಿದೆ. ಮುಂದೆ ಹೋಗುವ ಮಿತ್ರರು ಪಾಸು ಕೊಳ್ಳಲಿ, ಕೊಳ್ಳುವ ಮುಂಚೆ ನಿಯಮ ಓದಲಿ, ಸಾಮಾನ್ಯ ಗಾಡಿಯ ಕಿಟಕಿಯ ಪಕ್ಕ ಕುಳಿತುಕೊಳ್ಳಲಿ.

ನಾನು ಉಳಿಸಿದ ಸುಂಕವನ್ನೆಲ್ಲ ಕೂಡಿಸಿದಾಗ ಐವತ್ತು ಯೂರೊಗಳಿಗೆ ಸ್ವಲ್ಪ ಹೆಚ್ಚಾಯಿತು. ತೆತ್ತ ದಂಡಕ್ಕೆ ಸರಿಹೋಯಿತು. ಊರಿಗೆ ಹೊರಡುವ ದಿನ ಆ ನೋಟನ್ನು ಅಕ್ಕನ ಮೇಜಿನ ಮೇಲೆ ಇಟ್ಟು ಬಂದೆ. ಬೆಂಗಳೂರಿನಲ್ಲಿ ಇಳಿದು ಚೀಲ ಬಿಚ್ಚಿದಾಗ ಅದು ನನ್ನ ಅಂಗಿಯ ಮಡಿಕೆಯಲ್ಲಿತ್ತು.